ಡ್ರೈವರಣ್ಣನ ಕಾಲು ಹಿಡಿದುಕೊಂಡದ್ದೇಕೆ?

ದೂರದ ಓಟವೆಂದರೆ ನಮ್ಮ ಬಸ್ ಡ್ರೈವರಣ್ಣನಿಗೆ ಪ್ರಾಣ. ಆದರೆ ಪ್ರತಿ ವರ್ಷವೂ ಅದೇ ಗೋಳು. ಇನ್ನೇನು ಕೊನೆಯ ಗೆರೆ ಹತ್ತಿರ ಬಂತು ಅನ್ನುವಾಗ ಕಾಲಿನ ಮೀನಖಂಡ ಕಲ್ಲಾಗಿ ಕುಸಿಯುತ್ತಾನೆ. ಗೆರೆಯಾಚೆ ಕಾಯುವ ಹೆಂಡತಿ ಅವನನ್ನು ನೋಡುವುದು ಸ್ಟ್ರೆಚರ್ ಮೇಲೆಯೇ. ತಾನು ಓಡಿಕೊಂಡು ಬಂದರೆ ಅವಳ ಮುಖ ಹೇಗಿರುತ್ತದೋ! ಅದನ್ನೊಮ್ಮೆ ನೋಡಬೇಕೆಂಬ ಆಸೆ ಸ್ಟಿಯರಿಂಗ್ ಹಿಡಿದಾಗಲೂ ಅವನನ್ನು ಬಿಡುತ್ತಿರಲಿಲ್ಲ.

ಈ ಸಲವೂ ಹಾಗೇ ಆಗಿ, ಅಡುಗೆಮನೆಯಲ್ಲಿ ಕಾಲು ಚಾಚಿ ಕೂತಿದ್ದ. ಆಸ್ಪತ್ರೆಯಲ್ಲಿ ಫಿಸಿಯೊಥೆರಪಿ ಮಾಡುವ ನಾದಿನಿ ನೋಡಲು ಬಂದಳು.

"ಮೈಯಲ್ಲಿ ಉಪ್ಪು ಕಡಿಮೆ ಆಯ್ತು, ಅಷ್ಟೇ. ಮುಂದಿನ ಸಲ ಇನ್ನೊಂದು ಚಮಚ ಜಾಸ್ತಿ ನುಂಗ್ತೀನಿ," ಎಂದ.

"ಸಾಕು ಭಾವ, ಸಮುದ್ರ ಆಗಿಬಿಡ್ತೀರ! ಓಟ ಶುರುವಾದಾಗ ಹೇಗೆ ಓಡ್ತೀರಿ, ಅದನ್ನ ಹೇಳಿ."

"ಬಸ್ ಓಡಿಸೋ ಹಾಗೇ ಕಣೇ," ಎಂದಳು ಹೆಂಡತಿ. "ಯಾರಾದ್ರೂ ಮುಂದೆ ಹೋದ್ರೆ ಇವರಿಗೆ ಮೈ ಉರಿಯುತ್ತೆ. ಓವರ್‌ಟೇಕ್ ಮಾಡದೆ ಬಿಡಲ್ಲ."

"ಅಲ್ಲೇ ಇರೋದು ಎಡವಟ್ಟು. ಅಭ್ಯಾಸ ಇಲ್ಲದ ವೇಗದಲ್ಲಿ ಓಡಿದ್ರೆ ಸ್ನಾಯು ದಣಿಯುತ್ತೆ. ಆಗ ನರಗಳು ಅದನ್ನ ಬಿಗಿ ಹಿಡಿಸ್ತಾನೇ ಇರುತ್ವೆ, ಸಡಿಲ ಬಿಡಲ್ಲ. ಬಹಳ ಜನಕ್ಕೆ ಕಾಲು ಹಿಡಿಯೋದು ಹೀಗೆ. ಬಿಸಿಲು, ಬೆವರು ಸೇರಿದ್ರೆ ಕಷ್ಟ ಇನ್ನೂ ಹೆಚ್ಚಬಹುದು. ಆದ್ರೆ ಉಪ್ಪೊಂದೇ ಕಾರಣ ಅಲ್ಲ."

"ಅಂದ್ರೆ, ಕಂಡಕಂಡವರೆಲ್ಲ ನನ್ನ ದಾಟಿ ಹೋಗ್ಲಿ ಅಂತೀಯಾ?"

"ನಿಮಗೆ ಬೇಕಾಗಿರೋದು ಅವರನ್ನ ದಾಟೋದೋ, ಅಕ್ಕನ ಹತ್ರ ಬರೋದೋ?"

ಹೆಂಡತಿ ತಲೆ ತಗ್ಗಿಸಿ ಮೆಲ್ಲಗೆ, "ನೀವು ಓಡಿ ಬರೋದು ನೋಡೋ ಆಸೆ ನನಗೂ ಇದೆ," ಎಂದಳು. ಇಷ್ಟು ವರ್ಷ ಅವಳು ಅದನ್ನು ಹೇಳಿರಲೇ ಇಲ್ಲ.

ಅಂದಿನಿಂದ ಅವನು ಓಡುವ ದೂರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದ. ನಾದಿನಿ ಹೇಳಿಕೊಟ್ಟ ಹಾಗೆ ಕಾಲಿಗೆ ಬಲ ಬರುವ ವ್ಯಾಯಾಮ ಮಾಡಿದ. ಮುಂದಿನ ಓಟದಲ್ಲಿ ಅಜ್ಜನೊಬ್ಬ ಕೈಬೀಸುತ್ತಾ ಅವನನ್ನು ದಾಟಿ ಹೋದ. ಡ್ರೈವರಣ್ಣ ಹಲ್ಲು ಕಚ್ಚಿ ತನ್ನ ವೇಗದಲ್ಲೇ ಓಡಿದ. ಒಮ್ಮೆ ಮೀನಖಂಡ ಸೆಳೆದಾಗ ನಿಂತು, ಕಾಲು ನೇರ ಮಾಡಿ, ಪಾದವನ್ನು ಮೆಲ್ಲಗೆ ತನ್ನ ಕಡೆ ಎಳೆದು ಹಿಡಿದ. ಬಿಗಿತ ಇಳಿದ ಮೇಲೆಯೇ ಹೊರಟ.

ಅವನು ಗೆರೆ ಮುಟ್ಟುವಷ್ಟರಲ್ಲಿ ಅರ್ಧ ಜನ ಮನೆಗೆ ಹೋಗಿದ್ದರು. ಹೆಂಡತಿ, "ಎಷ್ಟು ಹೊತ್ತೂಂತ ಕಾಯೋದು ನಿಮಗೆ!" ಎಂದು ಗದರುತ್ತಾ ಅಳುತ್ತಿದ್ದಳು. ಅವನು ಆ ಮುಖ ನೋಡುತ್ತಾ ನಿಂತುಬಿಟ್ಟ.

ಓಡುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಅಭ್ಯಾಸ ಮಾಡಿದ ವೇಗದಲ್ಲೇ ಓಡಿ. ಕಾಲು ಹಿಡಿದರೆ ನಿಂತು ಸಡಿಲಿಸಿಕೊಳ್ಳಿ. ಮೈಯೆಲ್ಲ ಹಿಡಿದರೆ, ತಲೆ ಮಂಕಾದರೆ, ಮೂತ್ರ ಕಪ್ಪಾದರೆ ತಡಮಾಡದೆ ಡಾಕ್ಟರ ಬಳಿ ಹೋಗಿ. ಯಾರು ಬೇಕಾದರೂ ನಿಮ್ಮನ್ನು ದಾಟಿ ಹೋಗಲಿ. ನಿಮಗಾಗಿ ಕಾದಿರುವವರ ಬಳಿಗೆ ನಿಮ್ಮ ಕಾಲ ಮೇಲೆ ಬನ್ನಿ.