ಹಣೆಯ ಮೇಲಿನ ನಾಲ್ಕು

"ಕೈ ತೆಗಿ! ಮುಟ್ಟಿದ್ರೆ ಔಟು," ಎಂದು ನಾದಿನಿ ಅಣ್ಣನ ಕೈಗೆ ಪಟ್ಟನೆ ಹೊಡೆದಳು. ಹಣೆ ಕೆರೆದುಕೊಳ್ಳುವ ನೆಪದಲ್ಲಿ ಅವನು ತನ್ನ ಎಲೆಯನ್ನು ಇಣುಕಿ ನೋಡಲು ಹೊರಟಿದ್ದ. ಆಟಕ್ಕೆ ಕೂತವರು ಅತ್ತೆ, ಸೊಸೆ, ಸೊಸೆಯ ಗಂಡ ಮತ್ತು ಅವನ ತಂಗಿಯಾದ ಈ ನಾದಿನಿ.

ಈ ವಿಚಿತ್ರ ಪೋಕರನ್ನು ನರ್ಸ್ ಆಗಿದ್ದ ನಾದಿನಿ ಆಸ್ಪತ್ರೆಯ ಗೆಳತಿಯರಿಂದ ಕಲಿತು ತಂದಿದ್ದಳು. ಒಬ್ಬರಿಗೆ ಒಂದೇ ಇಸ್ಪೀಟ್ ಎಲೆ. ಅದನ್ನು ನೋಡದೆ ಹಣೆಗೆ ಕಟ್ಟಿಕೊಳ್ಳಬೇಕು. ಎಲ್ಲರದೂ ಕಾಣುತ್ತದೆ, ತನ್ನದೊಂದು ಬಿಟ್ಟು. ಧೈರ್ಯವಿದ್ದವರು ಪಣ ಏರಿಸಬೇಕು, ಇಲ್ಲದವರು ಬಿಡಬೇಕು. ಕೊನೆಗೆ ಒಬ್ಬರೇ ಉಳಿದರೆ ಅವರದೇ ಗೆಲುವು, ಇಲ್ಲದಿದ್ದರೆ ಉಳಿದವರಲ್ಲಿ ದೊಡ್ಡ ಎಲೆಯವರದು. ಕಟ್ಟಿಕೊಳ್ಳಲು ಎಲಾಸ್ಟಿಕ್, ಪಣಕ್ಕೆ ಗುಂಡಿಗಳು. ಎರಡೂ ಸೊಸೆಯ ಹೊಲಿಗೆ ಡಬ್ಬಿಯವು.

ಸೊಸೆ ಮಾತ್ರ ಪ್ರತಿ ಸಲವೂ ಸೋಲುತ್ತಿದ್ದಳು. ಗಂಡನ ಹುಬ್ಬು ಕೊಂಚ ಮೇಲೇರಿದರೆ ಸಾಕು, ತನ್ನದು ಸಣ್ಣ ಎಲೆಯೇ ಇರಬೇಕೆಂದು "ನಾನು ಬಿಟ್ಟೆ" ಎನ್ನುವಳು. ಬಿಚ್ಚಿ ನೋಡಿದರೆ ಎಷ್ಟೋ ಸಲ ರಾಣಿ!

"ಇದು ಕೊನೇ ಆಟ. ಗೆದ್ದೋರಿಗೆ ಕಿಟಕಿ," ಎಂದ ಗಂಡ.

ಹೊಸದಾಗಿ ಬಣ್ಣ ಬಳಿದ ಮುಂದಿನ ಕೋಣೆಯಲ್ಲಿ ಕಿಟಕಿಯ ಕೆಳಗಿನ ಜಾಗ ಖಾಲಿಯಿತ್ತು. ಬಸ್ ಓಡಿಸುವ ಅವನಿಗೆ ಅಲ್ಲಿ ಮೀನಿನ ತೊಟ್ಟಿ ಇಡುವಾಸೆ. ಅತ್ತೆಗೆ ಆರಾಮಕುರ್ಚಿ. ಸೊಸೆಯನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಅಡುಗೆಮನೆಯ ಹಿಂದಿನ ಓಣಿಯಂಥ ಜಾಗದಲ್ಲಿ, ಬಲ್ಬಿನ ಕೆಳಗೆ ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿ ಹಾಕಿ ಅವಳ ಕಣ್ಣು ಉರಿಯುತ್ತಿತ್ತು.

ಎಲೆ ಕಟ್ಟಿದರು. ಗಂಡನ ಹಣೆಯಲ್ಲಿ ರಾಜ, ಅತ್ತೆಗೆ ರಾಣಿ, ನಾದಿನಿಗೆ ಗುಲಾಮ. ಸೊಸೆ ಅಭ್ಯಾಸದಂತೆ ಎದುರಿಗಿದ್ದ ಅತ್ತೆಯ ಮುಖ ಓದಲು ಹೋದಳು. ಆ ದಪ್ಪ ಕನ್ನಡಕದ ಗಾಜಿನಲ್ಲಿ ತನ್ನದೇ ಹಣೆ ಕಂಡಿತು. ಅದರ ಮೇಲೆ ನಾಲ್ಕು ಕೆಂಪು ಚುಕ್ಕೆ.

"ನಾನು ಬಿಟ್ಟೆ" ಎಂಬ ಮಾತು ತುಟಿಗೆ ಬಂದಿತ್ತು. ಅದನ್ನು ನುಂಗಿ, ಗಂಡನ ಹಣೆಯನ್ನೇ ದಿಟ್ಟಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು. ಒಂದು ಹಿಡಿ ಗುಂಡಿ ಮುಂದೆ ತಳ್ಳಿದಳು.

"ಇದೇನು ಅತ್ತಿಗೆ, ಇವತ್ತು! ನಾನಂತೂ ಬಿಟ್ಟೆ," ಎಂದಳು ನಾದಿನಿ.

"ನಂಗೂ ಬೇಡಪ್ಪ," ಎಂದರು ಅತ್ತೆ.

ಗಂಡ ಹೆಂಡತಿಯ ಹಣೆಯ ನಾಲ್ಕನ್ನು ನೋಡಿದ. "ಯಾಕೇ ನಗ್ತಿದೀಯಾ?"

"ಏನಿಲ್ಲ ರೀ. ಪಾಪ, ಆಡಿ ಆಡಿ," ಎಂದು ಡಬ್ಬಿಯನ್ನೇ ಬೋರಲು ಹಾಕಿದಳು. ಮುಖದಲ್ಲಿ ಕನಿಕರ ಉಕ್ಕುತ್ತಿತ್ತು.

ಅವಳು ಹೀಗೆ ನಗಬೇಕಾದರೆ ತನ್ನದು ಆ ನಾಲ್ಕಕ್ಕಿಂತಲೂ ಕೆಳಗಿನ ಎರಡೋ ಮೂರೋ ಇರಬೇಕು! ಅವನು ಬೆವೆತ. ಸುಳಿವಿಗಾಗಿ ಅಮ್ಮನತ್ತ ತಿರುಗಿದ. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ನಿಧಾನವಾಗಿ ಒರೆಸತೊಡಗಿದರು.

"ಹೋಗ್ಲಿ, ಬಿಟ್ಟೆ!" ಎಂದು ಎಲೆ ಕಿತ್ತ. ರಾಜ. "ಅಮ್ಮಾ! ಒಂದು ಸನ್ನೆ ಮಾಡೋಕೆ ಏನಾಗಿತ್ತು ನಿಂಗೆ?"

"ಕನ್ನಡಕ ಇಲ್ದೆ ನಂಗೇನು ಕಾಣುತ್ತೋ?"

ನಾದಿನಿ ನಕ್ಕು ನಕ್ಕು ನೆಲಕ್ಕೊರಗಿದಳು. ಗಂಡನಿಗೂ ನಗು ತಡೆಯಲಾಗಲಿಲ್ಲ. "ಸರಿ ಮಾರಾಯ್ತಿ, ಕಿಟಕಿ ತಗೊಂಡು ಏನ್ ಮಾಡ್ತೀಯಾ?"

"ಮಿಷನ್ ಇಡ್ತೀನಿ."

ಅವನ ನಗು ನಿಂತಿತು. ಹಿಂದಿನ ಆ ಇಕ್ಕಟ್ಟಿನತ್ತ ಒಮ್ಮೆ ನೋಡಿ, ಅಂಗಿಯ ತೋಳು ಮಡಚಿ ಎದ್ದ. "ಲೇ, ನೀನೊಂದು ಕಡೆ ಹಿಡಿ," ಎಂದು ತಂಗಿಯನ್ನು ಕರೆದ.

ಸಂಜೆಯ ಬಿಸಿಲು ಇನ್ನೂ ಇತ್ತು. ಸೊಸೆ ಮಿಷನ್ ಮುಂದೆ ಕೂತಳು. ದಾರ ಒಂದೇ ಸಲಕ್ಕೆ ಸೂಜಿಗೆ ಹೋಯಿತು. ತಲೆ ಎತ್ತಿದರೆ, ಅತ್ತೆ ಆರಾಮಕುರ್ಚಿಯನ್ನು ಪಕ್ಕಕ್ಕೇ ಎಳೆದುಕೊಂಡು ಕೂತಿದ್ದರು. ಅವರ ಕನ್ನಡಕದಲ್ಲಿ ಈಗ ಇಡೀ ಕಿಟಕಿ ಇತ್ತು.