ಗಡಿಯಾಚೆಯ ಅಣ್ಣ

"ಎತ್ರೋ ಆ ಬೋಳಿಮಗನ್ನ! ಅಡಿಕೆಗೆ ರಕ್ತ ಹತ್ತುತ್ತೆ! ಮೊದ್ಲು ಚೀಲ ಈ ಕಡೆ ಎಳ್ಕಳ್ರೋ!"

ಅಡಿಕೆ ಮಂಡಿಯ ಸಾಹುಕಾರ ಷಣ್ಮುಖಪ್ಪ ಮೆಟ್ಟಿಲ ಮೇಲೆ ನಿಂತು ಕಿರುಚುತ್ತಿದ್ದ. ಕೆಳಗೆ ಗೋದಾಮಿನ ನೆಲದ ಮೇಲೆ ಜಂಬಣ್ಣ ಮಗ್ಗುಲಾಗಿ ಬಿದ್ದಿದ್ದ. ಸೊಂಟದ ಮೇಲೆ ಚೀಲ, ಚೀಲದ ಮೇಲೆ ಇನ್ನೊಂದು ಚೀಲ. ಹಮಾಲಿಗಳು ಅವನ್ನು ಎಳೆದು ಹಾಕಿದರು. ಜಂಬಣ್ಣ ಏಳಲು ಕೈಯೂರಿದ. ಕಾಲು ಮಾತ್ರ ಬೇರೆ ಯಾರದೋ ಎಂಬಂತೆ ಸುಮ್ಮನೆ ಬಿದ್ದಿತ್ತು.

ಬೆಳಿಗ್ಗೆಯೇ ಕರಿಯಣ್ಣ ಹೇಳಿದ್ದ, ಚೀಲದ ಅಟ್ಟಿ ವಾಲ್ತಾ ಇದೆ, ಇದರ ಮೇಲೆ ಇನ್ನೊಂದು ಸಾಲು ಬೇಡ ಅಂತ. "ನಿಮ್ಮಪ್ಪ ಕಟ್ಸಿದ ಗೋಡೌನೇನೋ ಇದು? ಹಾಕು ಅಂದ್ರೆ ಹಾಕು" ಎಂದು ಷಣ್ಮುಖಪ್ಪ ಒಳಗೆ ಹೋಗಿದ್ದ. ಜಂಬಣ್ಣ ಅಟ್ಟಿ ಹತ್ತಿದ್ದ.

ಕರಿಯಣ್ಣ ಆ ಮಂಡಿಯ ಹಮಾಲಿಗಳ ಮುಖಂಡ. ಜಂಬಣ್ಣ ಅವನ ಕೇರಿಯವನೇ. ಇಬ್ಬರೂ ಭದ್ರಾವತಿಯಿಂದ ಬೆಳಗಿನ ರೈಲಿಗೆ ಒಟ್ಟಿಗೆ ಶಿವಮೊಗ್ಗಕ್ಕೆ ಬರುತ್ತಿದ್ದರು.

"ಸಾವ್ಕಾರ್ರೆ, ನಿಮ್ ಕಾರಲ್ಲಿ ಮಲಗ್ಸಿ ದೊಡ್ಡಾಸ್ಪತ್ರೆಗೆ ಒಯ್ಯಾಣ" ಎಂದ ಕರಿಯಣ್ಣ.

"ಕಾರಲ್ಲಾ? ಸೀಟು ಯಾರ್ ತೊಳೀತಾರೆ, ನಿಮ್ಮವ್ವ ಬರ್ತಾಳಾ? ಲಗೇಜ್ ಆಟೋ ಕರೀರೋ."

ಬಿಳಿ ಕಾರು ಗೇಟಿನ ನೆರಳಲ್ಲೇ ನಿಂತಿತ್ತು. ಅದರ ಹಿಂದಿನ ಸೀಟು ಎಷ್ಟು ಮೆತ್ತಗಿದೆ ಎಂದು ಕರಿಯಣ್ಣನಿಗೆ ಗೊತ್ತಿತ್ತು. ಅಲ್ಲಿದ್ದ ಬೇರೆ ಯಾವ ಹಮಾಲಿಗೂ ಗೊತ್ತಿರಲಿಲ್ಲ.

ಹಿಂದಿನ ವರ್ಷ ಅಡಿಕೆ ಆರಿಸುವ ಹೆಂಗಸರು ಪಾಯಿಖಾನೆ ಕಟ್ಟಿಸಿಕೊಡಿ ಎಂದು ಕೇಳಿದ್ದರು. ಮಂಡಿಯಲ್ಲಿ ಅಷ್ಟು ಹೆಂಗಸರಿದ್ದರೂ ಅವರಿಗಿದ್ದದ್ದು ಹಿಂದಿನ ಕಾಂಪೌಂಡು ಗೋಡೆಯ ಮರೆ ಮಾತ್ರ. ಅವರ ಜೊತೆ ಹಮಾಲಿಗಳೂ ಕೂಲಿ ಹೆಚ್ಚಿಸಿ ಎಂದು ಕೆಲಸ ನಿಲ್ಲಿಸಿದರು. ಕರಿಯಣ್ಣ ಗೇಟಿನ ಮುಂದೆ ಕೂತಿದ್ದ. ಆಗ ಷಣ್ಮುಖಪ್ಪ ಅವನನ್ನು ಒಬ್ಬನನ್ನೇ ಕರೆದು, "ಇಲ್ಲಿ ಗಲಾಟೆ ಬೇಡ ಮಾರಾಯ. ನಾನು ಗೋವಾಕ್ಕೆ ಹೊರಟಿದ್ದೀನಿ. ನೀನೂ ಬಾ, ದಾರೀಲಿ ಮಾತಾಡಣ" ಎಂದಿದ್ದ.

ಷಣ್ಮುಖಪ್ಪ ತಿಂಗಳು ತಿಂಗಳೂ ಗೋವಾಕ್ಕೆ ಹೋಗುವವನು. ಮನೆಯಲ್ಲಿ ಹುಬ್ಬಳ್ಳಿ ಮಾರ್ಕೆಟ್ಟು ಎಂದು ಹೇಳುತ್ತಿದ್ದ. ಕಾರು ಓಡಿಸುತ್ತಿದ್ದವನು ಅವನ ತಂಗಿಯ ಮಗ ಲೋಹಿತ್. ಆವತ್ತು ಸಾಗರದ ಹೋಟೆಲಿನಲ್ಲಿ ಮಾವ ಅಳಿಯ ಒಳಗೆ ಕೂತು ತಿಂದರು. ಕರಿಯಣ್ಣನಿಗೆ ಇಡ್ಲಿ ಪೇಪರಿನಲ್ಲಿ ಸುತ್ತಿಕೊಂಡು ಕಾರಿಗೇ ಬಂತು. ಅವನಿಗೆ ಅದೇನೂ ಹೊಸದಲ್ಲ. ಕಾರವಾರ ದಾಟಿ, ಚೆಕ್‌ಪೋಸ್ಟ್ ದಾಟಿದ ಮೇಲೆ ಷಣ್ಮುಖಪ್ಪ ಬಾಟಲಿ ತೆರೆದು ಎರಡು ಗುಟುಕು ಕುಡಿದು, ಬಾಯಿ ಒರೆಸದೆ ಅದನ್ನೇ ಹಿಂದಕ್ಕೆ ಚಾಚಿದ.

"ತಗಳಣ್ಣ."

ಕರಿಯಣ್ಣ ಕೈ ಚಾಚಲಿಲ್ಲ.

"ಕುಡಿಯಣ್ಣ, ನಾಚ್ಕೆ ಎಂತಕ್ಕೆ? ಗಡಿ ದಾಟಿದ್ಮೇಲೆ ಜಾತಿಗೀತಿ ಎಲ್ಲ ಇಲ್ಲ. ಹೆಂಡ್ತೀನೂ ಇಲ್ಲ, ದೇವ್ರೂ ಇಲ್ಲ."

ಮೇಲ್ಜಾತಿಯ ಮನೆಯವರು ಯಾರೂ ಅವನನ್ನು ಹುಟ್ಟಿದಾಗಿನಿಂದ ಅಣ್ಣ ಎಂದಿರಲಿಲ್ಲ. ಹೆಂಡಕ್ಕಿಂತ ಮೊದಲು ಆ ಮಾತು ಅವನ ತಲೆಗೇರಿತು. ಆ ರಾತ್ರಿ ಬಾರಿನ ದೀಪಗಳ ನಡುವೆ, ಎದೆಗೆ ಗುದ್ದುವ ಹಾಡಿನ ನಡುವೆ ಷಣ್ಮುಖಪ್ಪ ಅವನ ಹೆಗಲ ಮೇಲೆ ಕೈ ಹಾಕಿ ಕುಣಿದ. ಕೊನೆಗೆ ಒಂದು ಕೋಣೆಯ ಬಾಗಿಲು ತೋರಿಸಿ ನಕ್ಕ. ಒಳಗೆ ಒಬ್ಬ ಹೆಂಗಸು ಕೂತಿದ್ದಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಇವನಿಗೆ ಅವಳ ಭಾಷೆ ಬರುತ್ತಿರಲಿಲ್ಲ. ಕರಿಯಣ್ಣ ವಾಪಸು ಬರಬಹುದಿತ್ತು. ಬರಲಿಲ್ಲ.

ಹಿಂತಿರುಗುವಾಗ ಗಡಿಯ ಹತ್ತಿರ ಷಣ್ಮುಖಪ್ಪ ಕಾರು ನಿಲ್ಲಿಸಲು ಹೇಳಿ, ಮುಖ ತೊಳೆದು, ಹಣೆಗೆ ವಿಭೂತಿ ಎಳೆದುಕೊಂಡ. ಕನ್ನಡಿಯಲ್ಲೇ ಇವನನ್ನು ನೋಡಿ, "ಇನ್ ಮುಂದೆ ಮತ್ತೆ ಕರಿಯ, ಆಯ್ತೇನೋ?" ಎಂದ. ಲೋಹಿತ್ ನಕ್ಕ. ಕರಿಯಣ್ಣನೂ ನಕ್ಕ.

ಕೂಲಿ ತುಸು ಹೆಚ್ಚಿತು. ಪಾಯಿಖಾನೆಯ ಮಾತು ಬಿದ್ದುಹೋಯಿತು. "ಮುಂದಿನ ಸೀಸನ್‌ಗೆ ಕಟ್ಸ್‌ತಾರಂತೆ" ಎಂದು ಕರಿಯಣ್ಣನೇ ಹೆಂಗಸರಿಗೆ ಹೇಳಿದ. ಅವರಲ್ಲಿ ಅವನ ಹೆಂಡತಿ ವಸಂತಮ್ಮನೂ ಇದ್ದಳು. ಗೋಡೆಯ ಮರೆಗೆ ಹೋಗುವುದು ತಪ್ಪಲಿ ಎಂದು ಅವಳು ಸಂಜೆಯವರೆಗೆ ನೀರೇ ಕುಡಿಯುತ್ತಿರಲಿಲ್ಲ. ರೈಲಿಗೆ ಹತ್ತಿದ ಕೂಡಲೇ ಬಾಟಲಿಯೆತ್ತಿ ಗಟಗಟನೆ ಕುಡಿಯುತ್ತಿದ್ದಳು. ಎದುರಿಗೆ ಕೂತ ಕರಿಯಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದ.

ಅವನು ಮತ್ತೆ ಗೋವಾಕ್ಕೆ ಹೋದ. ಆಮೇಲೂ ಹೋದ. ವಸಂತಮ್ಮನಿಗೆ ಸಂಘದ ಮೀಟಿಂಗು ಎಂದು ಹೇಳುತ್ತಿದ್ದ. ಪ್ರತಿಸಲವೂ ಆ ಕೋಣೆಯಲ್ಲಿ ಅದೇ ಹೆಂಗಸು ಇರುತ್ತಿದ್ದಳು. ಒಮ್ಮೆ ಅವಳ ಮೈ ಜ್ವರದಿಂದ ಕಾದಿತ್ತು. ಮಂಚದ ತುದಿಗೆ ಚಾಚಿದ್ದ ಅವಳ ಹಿಮ್ಮಡಿಗಳು ಒಡೆದು ಸೀಳಿದ್ದು ಅವನಿಗೆ ಕಂಡಿತು. ದಿನವಿಡೀ ಸಿಮೆಂಟಿನ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವವರ ಹಿಮ್ಮಡಿ. ಕರಿಯಣ್ಣ ಎದ್ದು ದೀಪ ಆರಿಸಿದ.

ಚೀಲ ಬಿದ್ದ ಆ ದಿನ ಲಗೇಜ್ ಆಟೋದಲ್ಲಿ ಆಸ್ಪತ್ರೆ ತಲುಪುವಷ್ಟರಲ್ಲಿ ಜಂಬಣ್ಣನ ತುಟಿ ಬೆಳ್ಳಗಾಗಿತ್ತು. ಬೆನ್ನುಮೂಳೆ ಮುರಿದಿದೆ, ಒಳಗೂ ಏಟಾಗಿದೆ ಎಂದರು ಡಾಕ್ಟರು.

"ನನ್ ಕಾಲು ಎಲ್ಲಿದಾವೆ ನೋಡೋ ಕರಿಯಣ್ಣ" ಎಂದ ಜಂಬಣ್ಣ. "ನಂಗೆ ಗೊತ್ತಾಗ್ತಿಲ್ಲ."

"ಇಲ್ಲೇ ಇದಾವೆ ಕಣೋ. ನಾ ಹಿಡ್ಕಂಡಿದೀನಿ."

ಮರುದಿನ ಷಣ್ಮುಖಪ್ಪ ಕರಿಯಣ್ಣನನ್ನು ಒಳಗೆ ಕರೆಸಿದ. ಗಲ್ಲಾದ ಪಕ್ಕದಲ್ಲಿ ಲೋಹಿತ್ ಕೂತಿದ್ದ.

"ಪೊಲೀಸ್ನೋರು ಕೇಳ್ತಾರೆ. ಅವ್ನು ಕುಡಿದಿದ್ದ, ಬೇಡ ಅಂದ್ರೂ ಅಟ್ಟಿ ಹತ್ದ ಅಂತ ಹೇಳು. ನೀನು ಮುಖಂಡ, ನಿನ್ ಮಾತು ನಡೆಯುತ್ತೆ."

"ಜಂಬಣ್ಣ ಜಲ್ಮದಲ್ಲಿ ಕುಡ್ದೋನಲ್ಲ ಸಾವ್ಕಾರ್ರೆ. ವಾಸ್ನೆಗೇ ವಾಂತಿ ಮಾಡ್ಕಳ್ತಾನೆ."

"ಅಂದ್ರೆ ತಪ್ಪು ನಂದು ಅಂತ ಹೇಳ್ತೀಯಾ?"

ಷಣ್ಮುಖಪ್ಪ ಕಣ್ಣಲ್ಲೇ ಸನ್ನೆ ಮಾಡಿದ. ಲೋಹಿತ್ ಫೋನು ತಿರುಗಿಸಿ ಹಿಡಿದ. ಸಣ್ಣ ಪರದೆಯ ಮೇಲೆ ಬರೀ ಬನಿಯನ್ನಿನಲ್ಲಿ, ತೂರಾಡುತ್ತ, ಆ ಹೆಂಗಸಿನ ಸೆರಗು ಹಿಡಿದು ಕುಣಿಯುತ್ತಿರುವ ಒಬ್ಬ ಮುದಿಯ. ಅದು ತಾನು ಎಂದು ಕರಿಯಣ್ಣನಿಗೆ ತಿಳಿಯಲು ತುಸು ಹೊತ್ತು ಬೇಕಾಯಿತು.

"ಇನ್ನೂ ಐತೆ. ಕೋಣೆ ಒಳಗಿಂದೂ ಐತೆ" ಎಂದ ಲೋಹಿತ್. "ನಿಮ್ ಸಂಘದ ಗ್ರೂಪಿಗೆ ಹಾಕ್ಲಾ? ವಸಂತಮ್ಮನ್ ಫೋನಿಗೆ ಹಾಕ್ಲಾ?"

"ಸೂಳೆಮನೆಗೆ ಹೋಗೋ ಹಲ್ಕಾ ನನ್ಮಗ್ನೆ, ನಿಂಗೆ ಸತ್ಯ ಬೇರೆ ಕೇಡು" ಎಂದ ಷಣ್ಮುಖಪ್ಪ. ದನಿ ಏರಿಸಲೂ ಇಲ್ಲ. "ಹೋಗು, ಹೇಳಿದಷ್ಟು ಹೇಳು."

ಕರಿಯಣ್ಣ ಹೋಗಿ ಹೇಳಿದ. ಜಂಬಣ್ಣ ಕುಡಿದಿದ್ದ, ಬೇಡವೆಂದರೂ ಹತ್ತಿದ. ಪೊಲೀಸರು ಬರೆದುಕೊಂಡರು. ಅವನು ಹೆಬ್ಬೆಟ್ಟು ಒತ್ತಿದ.

ವಾರ ತುಂಬುವ ಮೊದಲೇ ಜಂಬಣ್ಣ ಸತ್ತ. ಹೆಣ ಭದ್ರಾವತಿಗೆ ಬರುವ ಹೊತ್ತಿಗೆ ಪೊಲೀಸರ ಮುಂದೆ ಕರಿಯಣ್ಣ ಏನು ಹೇಳಿದ್ದಾನೆಂದು ಕೇರಿಗೆಲ್ಲ ಗೊತ್ತಾಗಿತ್ತು. ಚಟ್ಟ ಎತ್ತುವಾಗ ಅವನು ಹೆಗಲು ಕೊಡಲು ಮುಂದೆ ಬಂದ. ಜಂಬಣ್ಣನ ಹೆಂಡತಿ ಸುಭದ್ರಮ್ಮ ಅಡ್ಡ ನಿಂತಳು.

"ಮುಟ್ಬ್ಯಾಡ."

ಈ ಮಾತನ್ನು ಅವನು ಬಾವಿಕಟ್ಟೆಗಳಲ್ಲಿ, ಹೋಟೆಲುಗಳಲ್ಲಿ, ಗುಡಿಗಳ ಬಾಗಿಲಲ್ಲಿ ಕೇಳಿದ್ದ. ತನ್ನ ಕೇರಿಯಲ್ಲಿ ಕೇಳಿದ್ದು ಇದೇ ಮೊದಲು.

"ನನ್ ಗಂಡ ಕುಡೀತಿದ್ನಾ? ನೀನು ಯಾವತ್ತು ಅವ್ನಿಗೆ ಹುಯ್ದು ಕೊಟ್ಯೋ? ಹೇಳು, ಇಲ್ಲೇ ಹೇಳು, ಅವ್ನು ಕೇಳಿಸ್ಕಳ್ಲಿ."

ಯಾರೋ ಅವಳನ್ನು ಹಿಡಿದು ಈಚೆಗೆ ಕರೆದುಕೊಂಡರು. ಚಟ್ಟ ಹೊಳೆಯ ಕಡೆಗೆ ಹೊರಟಿತು. ಕರಿಯಣ್ಣ ಎಲ್ಲರಿಗಿಂತ ಹಿಂದೆ ನಡೆದ. ಮಣ್ಣು ಹಾಕುವಾಗ ದೂರದಲ್ಲಿ ನಿಂತಿದ್ದ. ಎಲ್ಲರೂ ಹೋದ ಮೇಲೆ ಹತ್ತಿರ ಹೋಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಹಾಕಲು ಧೈರ್ಯ ಬರಲಿಲ್ಲ. ಅದನ್ನು ಹಾಗೇ ನೆಲಕ್ಕೆ ಬಿಟ್ಟು ಬಂದ.

ಮನೆಯಲ್ಲಿ ವಸಂತಮ್ಮ ಅವನ ಮುಂದೆ ತಟ್ಟೆ ಇಟ್ಟಳು. ಅವನು ಅನ್ನ ಕಲೆಸುತ್ತಲೇ ಇದ್ದ.

"ನಿಂಗೆ ಏನ್ ಕೊಟ್ರು?" ಎಂದಳು.

"ಏನೂ ಕೊಟ್ಟಿಲ್ಲ."

"ಹಂಗಾರೆ ನಿನ್ನಿಂದ ಏನ್ ಕಿತ್ಕಂಡ್ರು?"

ಕರಿಯಣ್ಣ ಬಾಯಿ ತೆರೆದ. ಹೇಳಿಯೇಬಿಡುತ್ತೇನೆ ಅನ್ನಿಸಿತು. ಅಷ್ಟರಲ್ಲಿ ವಸಂತಮ್ಮ ಸುಭದ್ರಮ್ಮನಿಗೆಂದು ಗಂಜಿಯ ಪಾತ್ರೆ ಎತ್ತಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು, "ನಿನ್ ದುಡ್ಡಿಂದು ಅಂತ ಗೊತ್ತಾದ್ರೆ ಅವ್ಳು ತಿನ್ನಲ್ಲ. ನನ್ ಕೂಲೀದು ಅಂತೀನಿ" ಎಂದು ಹೋದಳು.

ತಿಥಿಯಾದ ಮೇಲೆ ಮಂಡಿಗೆ ವಿಚಾರಣೆಗೆಂದು ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬ ಬಂದ. ಷಣ್ಮುಖಪ್ಪನ ಕುರ್ಚಿಯಲ್ಲೇ ಅವನನ್ನು ಕೂರಿಸಿ ಬಾದಾಮಿ ಹಾಲು ಕೊಟ್ಟರು. ಹಮಾಲಿಗಳು ಅಂಗಳದಲ್ಲಿ ನಿಂತಿದ್ದರು. ಹೆಂಗಸರು ಮೊರ ಹಿಡಿದುಕೊಂಡೇ ಶೆಡ್ಡಿನ ಕೆಳಗೆ ಬಂದು ನಿಂತರು. ಸುಭದ್ರಮ್ಮ ಕಂಬಕ್ಕೆ ಒರಗಿದ್ದಳು.

"ನಿನ್ ಗಂಡ ಯಾವ ಕಾಲದಿಂದ ಕುಡೀತಿದ್ನಮ್ಮ?" ಎಂದು ಕೇಳಿದ ಅಧಿಕಾರಿ.

"ಕುಡೀತಿರ್ಲಿಲ್ಲ ಸ್ವಾಮಿ."

"ಸತ್ ಮೇಲೆ ಎಲ್ರ ಗಂಡಂದ್ರೂ ದೇವ್ರೇ ಬಿಡು." ಅವನು ನಕ್ಕ. ಷಣ್ಮುಖಪ್ಪನೂ ನಕ್ಕ. "ಎಲ್ಲಯ್ಯ ಆ ಮುಖಂಡ? ಪೊಲೀಸ್ನೋರಿಗೆ ಹೇಳಿದ್ದನ್ನೇ ಇನ್ನೊಂದ್ಸಲ ಹೇಳು, ಹೊರಡ್ತೀನಿ. ಬಿಸ್ಲು ಜಾಸ್ತಿ ಆಯ್ತು."

ಕರಿಯಣ್ಣ ಮುಂದೆ ಬಂದ. ಸುಭದ್ರಮ್ಮ ಅವನನ್ನು ನೋಡಲಿಲ್ಲ. ಅವಳು ನೆಲ ನೋಡುತ್ತಿದ್ದಳು.

"ಜಂಬಣ್ಣ ಕುಡಿದಿರ್ಲಿಲ್ಲ" ಎಂದ ಕರಿಯಣ್ಣ.

"ಏನಂದೆ?"

"ಕುಡಿದಿರ್ಲಿಲ್ಲ. ಅಟ್ಟಿ ವಾಲ್ತಿತ್ತು. ನಾನು ಬೇಡ ಅಂದೆ. ಹಾಕು ಅಂದೋರು ಇವ್ರು."

ಷಣ್ಮುಖಪ್ಪ ಎದ್ದು ನಿಂತ. "ಲೇ ಕರಿಯಾ, ಏನ್ ಬೊಗಳ್ತಾ ಇದೀಯ ನೋಡ್ಕಂಡ್ ಬೊಗಳು."

"ಸುಳ್ಳು ಯಾಕ್ ಹೇಳ್ದೆ ಅಂತ ನೀವು ಕೇಳಲ್ಲ ಸ್ವಾಮಿ, ನಾನೇ ಹೇಳ್ತೀನಿ." ಕರಿಯಣ್ಣ ಅಧಿಕಾರಿಯ ಕಡೆಯಿಂದ ತಿರುಗಿ ಶೆಡ್ಡಿನ ಕಡೆ ನೋಡಿದ. "ಕುಡಿದೋನು ನಾನು. ಗೋವಾದಲ್ಲಿ. ಸಾವ್ಕಾರ್ರ ಕಾರಲ್ಲಿ ಹೋದೆ, ಸಾವ್ಕಾರ್ರ ಜೊತೇಲಿ ಕುಡ್ದೆ. ಅಲ್ಲಿ ಒಬ್ಳು ಹೆಂಗ್ಸಿನ ಹತ್ರ ಹೋದೆ. ಒಂದ್ಸಲ ಅಲ್ಲ. ಮೀಟಿಂಗ್ ಅಂತ ಹೇಳಿದಾಗೆಲ್ಲ ಹೋಗಿದ್ದು ಅಲ್ಲಿಗೇ. ನಿಮ್ ಪಾಯಿಖಾನೆ ಮಾರ್ಕಂಡು ಹೋದೆ. ಅದನ್ನ ವೀಡಿಯೋ ಮಾಡಿ ಇಟ್ಕಂಡಿದಾರೆ. ಅದಕ್ಕೆ ಹೆದ್ರಿ ಜಂಬಣ್ಣನ್ನ ಕುಡುಕ ಅಂದೆ."

"ಏಯ್, ಏಯ್, ಅದೆಲ್ಲ ಇಲ್ಲಿ ಬೇಡ" ಎಂದ ಅಧಿಕಾರಿ. "ನಿನ್ ಕಚ್ಚೆ ವಿಷ್ಯ ಕೇಳಕ್ಕೆ ಬಂದಿಲ್ಲ ನಾನು. ಹೇಳ್ಕೆ ಬದ್ಲಾಯ್ಸಿದ್ರೆ ನಿನ್ನೇ ಒಳಗೆ ಹಾಕ್ತಾರೆ, ಗೊತ್ತಾ?" ಅವನು ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡ. ಇನ್ನೊಂದು ದಿನ ನೋಡೋಣ ಎಂದು ಷಣ್ಮುಖಪ್ಪನ ಕಿವಿಯಲ್ಲಿ ಏನೋ ಹೇಳಿ ಜೀಪು ಹತ್ತಿದ.

ಜೀಪು ಗೇಟು ದಾಟಿತು. ಮೆಟ್ಟಿಲ ಮೇಲೆ ಲೋಹಿತ್ ಫೋನಿನ ಮೇಲೆ ಬೆರಳಾಡಿಸುತ್ತಿದ್ದ. "ಅವ್ನು ಮಾತ್ರ ಇರೋದನ್ನ ನೋಡಿ ಹಾಕೋ, ನನ್ ಮುಖ ಬರ್ಬಾರ್ದು" ಎಂದ ಷಣ್ಮುಖಪ್ಪ, ಎಲ್ಲರಿಗೂ ಕೇಳುವಂತೆಯೇ.

ಮೊದಲು ಯಾರದೋ ಅಂಗಿಯ ಜೇಬಿನಲ್ಲಿ ಫೋನು ಗುನುಗಿತು. ಆಮೇಲೆ ಇನ್ನೊಂದು. ಚೀಲದ ಪಕ್ಕ, ಸೊಂಟದಲ್ಲಿ, ಶೆಡ್ಡಿನ ಗೂಡಿನಲ್ಲಿ, ಒಂದರ ಹಿಂದೊಂದು. ಕೆಲವರು ತೆಗೆದು ನೋಡಿದರು. ನೋಡಿದವರು ಕರಿಯಣ್ಣನ ಕಡೆ ನೋಡಲಿಲ್ಲ. ಒಬ್ಬ ಸಣ್ಣಗೆ ನಕ್ಕ, ಪಕ್ಕದವನು ಅವನ ಕೆನ್ನೆಗೆ ಬಾರಿಸಿದ.

ವಸಂತಮ್ಮನ ಮಡಿಲಲ್ಲೂ ಫೋನು ಸದ್ದು ಮಾಡಿತು. ಅವಳು ತೆಗೆಯಲಿಲ್ಲ. ಮೊರವನ್ನು ನೆಲದ ಮೇಲಿಟ್ಟು ಗಂಡನ ಹತ್ತಿರ ಬಂದಳು. ಹೊಡೆಯುತ್ತಾಳೆ ಎಂದುಕೊಂಡು ಅವನು ಮುಖ ಮುಂದೊಡ್ಡಿ ನಿಂತ.

"ಅವ್ಳ ಹೆಸ್ರೇನು?"

"ಯಾರ್ದು?"

"ಹೋಗ್ತಿದ್ಯಲ್ಲ. ಅವ್ಳ್ದು."

ಕರಿಯಣ್ಣ ನೆನಪು ಮಾಡಿಕೊಂಡ. ದೀಪ ನೆನಪಾಯಿತು, ಹಾಡು ನೆನಪಾಯಿತು, ಒಡೆದ ಹಿಮ್ಮಡಿ ನೆನಪಾಯಿತು.

"ಗೊತ್ತಿಲ್ಲ" ಎಂದ.

"ಕೇಳ್ಲಿಲ್ವಾ?"

"ಇಲ್ಲ."

"ಥೂ" ಎಂದಳು ವಸಂತಮ್ಮ, ಬರೀ ಉಸಿರಿನಲ್ಲಿ. ಆಮೇಲೆ ತಿರುಗಿ ಹೋಗಿ ಸುಭದ್ರಮ್ಮನ ಕೈ ಹಿಡಿದಳು. "ಬಾರೇ" ಎಂದು ಅವಳನ್ನು ಗೇಟಿನ ಕಡೆಗೆ ನಡೆಸಿಕೊಂಡು ಹೋದಳು. ಅಲ್ಲಿ ಅಡಿಕೆ ತುಂಬಿದ ಲಾರಿ ಹೊರಡಲು ನಿಂತಿತ್ತು. ಅದರ ಮುಂದೆ ಇಬ್ಬರೂ ಕೂತರು. ಶೆಡ್ಡಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಮೊರ ಇಟ್ಟು ಬಂದು ಪಕ್ಕದಲ್ಲಿ ಕೂತರು. ಅವರ ಹಿಂದೆ ಹಮಾಲಿಗಳು ತಲೆಯ ಟವೆಲ್ಲು ಬಿಚ್ಚಿ ಹಾಸಿಕೊಂಡು ಕೂತರು.

"ಲಾರಿ ಬಿಡೋ!" ಎಂದು ಷಣ್ಮುಖಪ್ಪ ಒದರಿದ. "ಎದ್ದೇಳ್ತಾವೆ ಮುಂಡೇವು, ಬಿಡು ನೀನು!"

ಇಂಜಿನ್ನು ಗುಡುಗಿತು. ಲಾರಿಯವನು ಹಾರ್ನು ಒತ್ತಿ ಹಿಡಿದ.

ಕರಿಯಣ್ಣ ಗೇಟಿನ ಹತ್ತಿರ ಬಂದ. ಅವನಿಗೆ ಜಾಗ ಬಿಡಲು ಯಾರೂ ಸರಿಯಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಎಲ್ಲೂ ಕೂರುವಷ್ಟು ತೆರವಿರಲಿಲ್ಲ. ಖಾಲಿ ಇದ್ದದ್ದು ಸಾಲಿಗೂ ಲಾರಿಗೂ ನಡುವಿನ ಅಷ್ಟಗಲದ ನೆಲ, ಮುಂದಿನ ಗಾಲಿಯ ಕೆಳಗೆ ಅನ್ನುವಷ್ಟು ಹತ್ತಿರ. ಅವನು ಹೋಗಿ ಅಲ್ಲಿ ಕೂತ. ಗಾಲಿಯ ಬಿಸಿ ಬೆನ್ನಿಗೆ ತಾಗಿತು. ಎದುರಿಗಿದ್ದ ವಸಂತಮ್ಮ ಅವನನ್ನು ದಾಟಿ ಲಾರಿಯ ಗಾಜನ್ನೇ ನೋಡುತ್ತಿದ್ದಳು.

ಹಾರ್ನು ನಿಲ್ಲಲಿಲ್ಲ. ಗಾಲಿ ಒಂದು ಸಲ ಅಲುಗಿತು.