ಎರಡು ಸಲ ಹೊಡೆದ ಏಳು

ಶಾಬಾನ್ ಎಸೆದ ಚಹಾದ ಕೆಟಲ್ ತಂಗಿಯ ತಲೆಗೆ ತಾಗಲಿಲ್ಲ. ಮಬ್ರೂಕಾ ಬಗ್ಗಿದಳು, ಅದು ಹೋಗಿ ಗೋಡೆ ಗಡಿಯಾರಕ್ಕೆ ಬಡಿಯಿತು. ಗಾಜು ಪುಡಿಪುಡಿಯಾಯಿತು, ಲೋಲಕ ಕಳಚಿ ಬಿತ್ತು, ಒಳಗಿನ ಸ್ಪ್ರಿಂಗು ಝಣ್ಣೆಂದು ಬಿಚ್ಚಿಕೊಂಡು ಸುಮ್ಮನಾಯಿತು. ಕುದಿಯುವ ಚಹಾ ಗೋಡೆಯುದ್ದಕ್ಕೂ ಹೊಗೆಯಾಡುತ್ತ ಇಳಿಯಿತು.

"ಬಿತ್ತೇನೇ?" ಎಂದ ಶಾಬಾನ್, ಕುರುಡು ಮುಖವನ್ನು ಸದ್ದು ಬಂದ ಕಡೆ ತಿರುಗಿಸಿ.

"ಬಿತ್ತು. ನನಗಲ್ಲ, ಅಪ್ಪನ ಗಡಿಯಾರಕ್ಕೆ."

ಅವನು ಹಾಸಿಗೆಯ ಮೇಲೆ ಕೂತಲ್ಲಿಂದಲೇ ಮಕ್ಕಳ ಹಾಗೆ ತುಟಿ ಬಿಗಿದು, "ಎಲ್ಲಾ ನಿನ್ನಿಂದಲೇ. ಯಾಕೆ ಬಗ್ಗಿದೆ?" ಎಂದ.

ಖುಮ್ಸ್ ಬಂದರಿನಲ್ಲಿ ಶಾಬಾನ್ ಅಂದರೆ ಒಂದು ಕಾಲದಲ್ಲಿ ಮೀನುಗಾರರು ದೋಣಿ ಸರಿಸಿ ದಾರಿ ಬಿಡುತ್ತಿದ್ದರು. ಬಲೆ ಬೀಸಿ ಕಾಯುವ ತಾಳ್ಮೆ ಅವನಿಗೆ ಇರಲಿಲ್ಲ. ಸಿಡಿಮದ್ದಿಗೆ ಬತ್ತಿ ಕಟ್ಟಿ ಸಮುದ್ರಕ್ಕೆ ಎಸೆದು, ಹೊಟ್ಟೆ ಮೇಲಾಗಿ ತೇಲುವ ಮೀನನ್ನು ಬಾಚಿಕೊಂಡು ಬರುತ್ತಿದ್ದ. ಒಂದು ಬೆಳಿಗ್ಗೆ ಬತ್ತಿ ಗಿಡ್ಡದಾಯಿತು. ಎರಡು ಕಣ್ಣು, ಎಡಗೈ ಮತ್ತು ಒಂದು ಕಿವಿ ಅಲ್ಲೇ ಸಮುದ್ರದ ಪಾಲಾದವು. ಮೊದಲಿನಿಂದಲೂ ಅವನ ಕೈಗೆ ಬಾಯಿಗಿಂತ ಹೆಚ್ಚು ಮಾತು. ಒಂದು ಕೈ ಹೋದ ಮೇಲೆ ಉಳಿದದ್ದು ಎರಡರ ಕೆಲಸವನ್ನೂ ವಹಿಸಿಕೊಂಡಿತು. ಗಂಡ ಬಿಟ್ಟು ತವರಿಗೆ ಬಂದಿದ್ದ ಮಬ್ರೂಕಾಳಿಗೆ ಆ ಕೈಯ ಗುರುತು ಚೆನ್ನಾಗಿತ್ತು. ಹಗ್ಗ, ಬೆಲ್ಟು, ಹಳೆಯ ದೋಣಿಯ ಹುಟ್ಟು, ಸಿಕ್ಕಿದ್ದೇ ಆಯುಧ.

ಅಪ್ಪ ಮಾಲ್ಟಾದಿಂದ ಹಡಗಿನಲ್ಲಿ ತಂದಿದ್ದ ಆ ಗಡಿಯಾರ ಕುರುಡನಿಗೆ ಕಣ್ಣಾಗಿತ್ತು. ಅದು ಏಳು ಹೊಡೆದರೆ ತಲೆಸಿಡಿತದ ಮಾತ್ರೆ. ಮಾತ್ರೆ ನುಂಗಿ ಅವನು ಮಲಗಿದರೆ ಮಬ್ರೂಕಾಳಿಗೆ ಪೇಟೆಗೆ ಹೋಗಲು ಅಪ್ಪಣೆ. ಒಂಬತ್ತು ಹೊಡೆಯುವುದರೊಳಗೆ ಮನೆಯೊಳಗಿರಬೇಕು. ಬೆಳಗಿನ ಬಾಂಗು ಮುಗಿದರೆ ಮಧ್ಯಾಹ್ನದ ತನಕ ಮಸೀದಿ ಸುಮ್ಮನಿರುತ್ತದೆ. ಆ ಉದ್ದನೆಯ ಮುಂಜಾನೆಗೆ ಗಡಿಯಾರ ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ.

ಸಾಕ್ಷಿ ಹೋದ ಮೇಲೆ ಹೊಡೆತಕ್ಕೆ ಹೊತ್ತುಗೊತ್ತು ಉಳಿಯಲಿಲ್ಲ. ಬೇಗ ಬಂದರೂ ತಡ, ತಡವಾಗಿ ಬಂದರಂತೂ ಕೇಳುವುದೇ ಬೇಡ. ಕತ್ತಲೆಯಲ್ಲಿ ಕೂತವನಿಗೆ ಐದು ನಿಮಿಷವೂ ಅರ್ಧ ದಿನ. ಮೂರನೆಯ ಬೆಳಿಗ್ಗೆ ಕೆನ್ನೆ ಊದಿಸಿಕೊಂಡು ಅವಳೇ ಹೇಳಿದಳು:

"ಫೋನಿನಲ್ಲಿ ಗಂಟೆ ಹೊಡೆಯೋ ಆ್ಯಪ್ ಇರುತ್ತಂತೆ. ಮೀಲಾದ್‌ನ ಕೇಳಿ ಹಾಕಿಸಿಕೊಂಡು ಬರ್ತೀನಿ."

"ಹೋಗು. ಅಲ್ಲೇ ಹಲ್ಲು ಕಿಸಿತಾ ಕೂತೆಯೋ, ಹಲ್ಲು ಎಣಿಸಿಕೊಂಡು ಮಲಗ್ತೀಯ."

ಮೀಲಾದ್ ಅವರ ದೂರದ ಸಂಬಂಧಿ. ಮೀನುಪೇಟೆಯ ಹಿಂದೆ ಅವನ ಮೊಬೈಲ್ ಅಂಗಡಿ. ಹೊಟ್ಟೆ ದೊಡ್ಡದು, ಧೈರ್ಯ ಚಿಕ್ಕದು. ಶಾಬಾನನ ಹೆಸರು ಕೇಳಿದರೆ ಈಗಲೂ ಕುರ್ಚಿಯಿಂದ ಅರ್ಧ ಏಳುತ್ತಿದ್ದ. ಅವಳ ಕೆನ್ನೆ ನೋಡಿ, "ಬಾಗಿಲು ಬಡೀತಾ ಅಕ್ಕಾ?" ಎಂದ.

"ಹೂಂ. ನಮ್ಮನೆ ಬಾಗಿಲಿಗೆ ಒಂದೇ ಕೈ."

ಮೀಲಾದ್ ನಗಲೋ ಬೇಡವೋ ತಿಳಿಯದೆ ಅವಳ ಒಡೆದ ಗಾಜಿನ ಫೋನನ್ನು ಕೈಗೆ ತೆಗೆದುಕೊಂಡ. ಮೊದಲು ಇಳಿಸಿದ ಆ್ಯಪ್‌ನಲ್ಲಿ ಒಂದು ಹಕ್ಕಿ ಕುಕ್ಕೂ ಕುಕ್ಕೂ ಎಂದು ಕೂಗಿತು.

"ಬೇಡಪ್ಪ. ಫೋನಿನ ಕತ್ತು ಹಿಸುಕಿಬಿಡ್ತಾನೆ."

ಎರಡನೆಯದು ಇಗರ್ಜಿಯ ಗಂಟೆಯ ಹಾಗೆ ಒಂದು ಇಡೀ ರಾಗ ಬಾರಿಸಿ ಆಮೇಲೆ ಹೊಡೆಯಿತು. "ಇದು ಮುಗಿಯೋಷ್ಟರಲ್ಲಿ ಮುಂದಿನ ಗಂಟೆ ಬಂದಿರುತ್ತೆ," ಎಂದಳು. ಮೂರನೆಯದರಲ್ಲಿ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಹೊತ್ತು ಹೇಳಿದಳು.

"ಧ್ವನಿ ಚೆನ್ನಾಗಿದೆ ಅಕ್ಕಾ, ಇಟ್ಟುಕೋ."

"ಪಾಪ, ನನ್ನ ಜೊತೆ ಅವಳಿಗ್ಯಾಕೆ ಒದೆ."

ಈ ಸಲ ಮೀಲಾದ್ ನಕ್ಕೇಬಿಟ್ಟ. ಮತ್ತೊಂದು ಸೋಪಿನ ಜಾಹೀರಾತು ಹಾಡಿತು. ಇನ್ನೊಂದು ಎಷ್ಟು ಒತ್ತಿದರೂ ಬಾಯಿ ಬಿಡಲಿಲ್ಲ. ಗಿರಾಕಿಗಳು ಬಂದು ಹೋದರು. ಬೇಸತ್ತು ಏಳಬೇಕು ಅನ್ನುವಾಗ, ಫೋನು ಮರದ ಪೆಟ್ಟಿಗೆಯೊಳಗಿಂದ ಬಂದ ಹಾಗೆ ತಗ್ಗಿದ ದನಿಯಲ್ಲಿ ಢಣ್ ಎಂದಿತು. ಅಪ್ಪನ ಗಡಿಯಾರದ್ದೇ ದನಿ.

"ಇದೇ," ಎಂದಳು.

"ತಾಳು ತಾಳು, ಗಂಟೆ ಒಂದು ಕಡಿಮೆ ಹೊಡೀತಿದೆ." ಮೀಲಾದ್ ಕನ್ನಡಕ ಸರಿಮಾಡಿಕೊಂಡು ನೋಡಿದ. "ಇದು ತಾನು ಟ್ಯೂನಿಸ್‌ನಲ್ಲಿದೀನಿ ಅಂದ್ಕೊಂಡಿದೆ ಅಕ್ಕಾ. ಅಲ್ಲಿ ನಮಗಿಂತ ಒಂದು ಗಂಟೆ ಹಿಂದೆ. ಇಗೋ, ಇಲ್ಲಿ ಒತ್ತಿದರೆ ನಮ್ಮೂರು; ಇಲ್ಲಿ ಒತ್ತಿದರೆ ಟ್ಯೂನಿಸ್."

ಅವಳು ನೋಡಿಕೊಂಡಳು. ಆಗ ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ.

ಫೋನು ಶಾಬಾನನ ದಿಂಬಿನ ಬದಿ ಸೇರಿತು. ಮೊದಲ ಸಲ ಅದು ಹೊಡೆದಾಗ ಅವನು ಎದ್ದು ಕೂತು, ಉಳಿದ ಒಂದೇ ಕೈಯಿಂದ ಗೋಡೆ ಸವರಿದ, ಗಡಿಯಾರ ವಾಪಸು ಬಂದು ನೇತಾಡುತ್ತಿದೆಯೇನೋ ಅನ್ನುವ ಹಾಗೆ. ಆ ದಿನ ಹೊಡೆತ ಬೀಳಲಿಲ್ಲ. ಅದರ ನಂತರದ ವಾರವೂ ಹೆಚ್ಚುಕಮ್ಮಿ ಹಾಗೇ ಕಳೆಯಿತು.

ಆಮೇಲೊಂದು ದಿನ ಬ್ರೆಡ್ಡಿನ ಅಂಗಡಿ ಮುಂದೆ ಬೀದಿಯುದ್ದದ ಸಾಲು. ಅವಳು ಬಾಗಿಲು ತೆಗೆಯುವಾಗ ಫೋನು ಒಂಬತ್ತರ ಕೊನೆಯ ಢಣ್ ಹೊಡೆಯುತ್ತಿತ್ತು. ಶಾಬಾನ್ ಬಲೆಯ ಹಗ್ಗವನ್ನು ಬಕೆಟ್ಟಿನಲ್ಲಿ ನೆನೆಹಾಕಿ ಇಟ್ಟುಕೊಂಡಿದ್ದ. ಅವಳ ಜಡೆಯನ್ನು ತನ್ನ ಮೊಂಡು ತೋಳಿನಡಿ ಇರುಕಿ ಹಿಡಿದು ಬೆನ್ನ ಮೇಲೆ ಬಾರಿಸಿದ. ಒದ್ದೆ ಹಗ್ಗ ಬಟ್ಟೆಗೆ ಅಂಟಿಕೊಂಡು ಏಳುವಾಗ ಚರ್ಮವನ್ನೂ ಎಬ್ಬಿಸಿಕೊಂಡು ಏಳುತ್ತಿತ್ತು. ಬ್ರೆಡ್ಡುಗಳು ನೆಲದ ತುಂಬ ಉರುಳಿದವು. ಅವಳು ಕೂಗಲಿಲ್ಲ, ಕೂಗಿದರೆ ಅವನಿಗೆ ಮುಖಕ್ಕೂ ಗುರಿ ಸಿಗುತ್ತಿತ್ತು.

ಮಾರನೆಯ ದಿನ ಅವನು ಮಾತ್ರೆ ನುಂಗಿ ಗೊರಕೆ ಹಿಡಿದ ಮೇಲೆ ಅವಳು ದಿಂಬಿನ ಬದಿಯಿಂದ ಫೋನು ಎತ್ತಿ, ಮೀಲಾದ್ ತೋರಿಸಿದ ಕಡೆ ಒತ್ತಿದಳು. ಮನೆ ಟ್ಯೂನಿಸ್‌ಗೆ ಹೋಯಿತು.

ನಿಜವಾದ ಎಂಟಕ್ಕೆ ಫೋನು ಏಳು ಹೊಡೆಯಿತು, ಶಾಬಾನ್ ಗೊರಕೆಯಲ್ಲಿದ್ದ. ನಿಜವಾದ ಹತ್ತಕ್ಕೆ ಒಂಬತ್ತು ಹೊಡೆಯುವ ಮೊದಲು ಅವಳು ಒಳಗಿದ್ದಳು. "ಬೇಗ ಬಂದೆಯಲ್ಲೇ," ಎಂದ ಅವನು. ಚಾರ್ಜಿಗೆ ಹಾಕುವ ನೆಪದಲ್ಲಿ ಫೋನನ್ನು ಅಡುಗೆಮನೆಗೆ ಒಯ್ದು ಅವಳು ಅದನ್ನು ಮತ್ತೆ ಖುಮ್ಸ್‌ಗೆ ತಂದಳು. ಅವಳಿಗೆ ಒಳಗೆಲ್ಲೋ ನಗು ಉಕ್ಕುತ್ತಿತ್ತು.

ಹೀಗೆ ದಿನಕ್ಕೊಂದು ಕದ್ದ ಗಂಟೆ ಸಿಕ್ಕಿತು. ಅದನ್ನು ಅವಳು ಪಕ್ಕದ ಬೀದಿಯ ಹವ್ವಾಳ ಅಂಗಳದಲ್ಲಿ ಕಳೆದಳು. ಮದುವೆ ಮನೆಗಳಿಗೆ ಕುಸ್ಕುಸ್ ಹೊಸೆದುಕೊಡುವುದು ಹವ್ವಾಳ ಕೆಲಸ. ಅಗಲವಾದ ಮರದ ಮರಿಗೆಯ ಸುತ್ತ ನಾಲ್ಕಾರು ಹೆಂಗಸರು ಕಾಲು ಚಾಚಿ ಕೂತು, ರವೆಗೆ ನೀರು ಚಿಮುಕಿಸಿ ಅಂಗೈಯಲ್ಲಿ ಹೊಸೆಯುತ್ತ ಊರಿನ ಗಂಡಸರನ್ನೆಲ್ಲ ಹೊಸೆದುಹಾಕುತ್ತಿದ್ದರು.

"ನನ್ನ ಗಂಡ ರಾತ್ರಿಯಿಡೀ ಗೊರಕೆ ಹೊಡೀತಾನೆ, ಬೆಳಿಗ್ಗೆ 'ನಿದ್ದೇನೇ ಬರಲಿಲ್ಲ' ಅಂತಾನೆ," ಎಂದಳು ಒಬ್ಬಳು.

"ಗೊರಕೆ ಆದರೂ ಹೊಡೀತಾನಲ್ಲ, ಪುಣ್ಯವಂತೆ," ಎಂದಳು ಮಬ್ರೂಕಾ. "ನಮ್ಮನೇಲಿ ಹೊಡೆಯೋದು ಬೇರೆ."

ಎಲ್ಲರೂ ಗೊಳ್ಳೆಂದರು. ಹವ್ವಾ ಮಾತ್ರ ನಗಲಿಲ್ಲ. ಮಬ್ರೂಕಾಳ ಬೆನ್ನ ಮೇಲೆ ತಾನು ಮೆಲ್ಲಗೆ ಕೈಯಿಟ್ಟಾಗ ಅವಳು ಮುಖ ಹಿಂಡಿದ್ದನ್ನು ಕಂಡಿದ್ದಳು. "ಒಂದು ದಿನ ನೀನು ಇಲ್ಲಿಗೆ ಬರದೇ ಇದ್ದರೆ ನಾವೇ ಅಲ್ಲಿಗೆ ಬರ್ತೀವಿ. ನೆನಪಿಟ್ಟುಕೋ," ಎಂದಳು.

ಚಳಿಗಾಲ ಅರ್ಧ ಕಳೆಯುವವರೆಗೆ ಟ್ಯೂನಿಸ್ ಕೈಹಿಡಿಯಿತು.

ಒಂದು ಬೆಳಿಗ್ಗೆ ಶಾಬಾನನಿಗೆ ಹೊಟ್ಟೆ ತೊಳೆಸಿತು. ತಂಗಿ ಕೊಟ್ಟ ಮಾತ್ರೆಯನ್ನು ಅವಳು ಬೆನ್ನು ತಿರುಗಿಸಿದಾಗ ಹಾಸಿಗೆಯ ಸಂದಿಗೆ ಉಗುಳಿದ. ನಿದ್ದೆ ಹತ್ತಲಿಲ್ಲ. ಕಣ್ಣಿಲ್ಲದವನು ಎಚ್ಚರವೋ ನಿದ್ದೆಯೋ ನೋಡಿದವರಿಗೆ ಹೇಗೆ ತಿಳಿಯಬೇಕು? ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿದ. ಬಹಳ ಹೊತ್ತಾದ ಮೇಲೆ ಫೋನು ಹೊಡೆಯಿತು. ಅವನು ಬೆರಳು ಮಡಚಿ ಎಣಿಸಿದ. ಮತ್ತೆ ಏಳು.

ಮಬ್ರೂಕಾ ಬಾಗಿಲು ತೆರೆದು ಒಳಗೆ ಕಾಲಿಟ್ಟಾಗ ಹಾಸಿಗೆ ಖಾಲಿಯಿತ್ತು. ಬೆನ್ನ ಹಿಂದೆ ಬಾಗಿಲು ಧಡಾರನೆ ಮುಚ್ಚಿತು, ಅಗುಳಿ ಬಿತ್ತು. ಹಿಂದಿನಿಂದ ಅವನ ದನಿ, ಸಣ್ಣಗೆ, ಹೆಚ್ಚುಕಮ್ಮಿ ಮುದ್ದಾಗಿ:

"ಈ ಊರಲ್ಲಿ ಬೆಳಿಗ್ಗೆ ಎಷ್ಟು ಸಲ ಏಳು ಹೊಡೆಯುತ್ತೇ, ತಂಗೀ?"

ಅವಳು ಉತ್ತರಿಸುವ ಮೊದಲೇ ದೋಣಿಯ ಹುಟ್ಟು ಬೀಸಿ ಬಂತು. ತಲೆಗೆ ಅಂತ ಬೀಸಿದ್ದು. ಅವಳು ಅಡ್ಡ ತಂದ ಎಡ ಮುಂಗೈಗೆ ಬಿತ್ತು. ಮೂಳೆ ಒಣ ಕಟ್ಟಿಗೆಯ ಹಾಗೆ ಲಟಕ್ಕೆಂದಿತು. ಈ ಸಲ ಅವಳು ಕಿರುಚಿದಳು. ಕಿರುಚಿದ ಕಡೆಗೇ ಎರಡನೆಯ ಏಟು ಬಂದು ಭುಜದ ಮೇಲೆ ಇಳಿಯಿತು. ಮೊಣಕಾಲೂರಿ ಕುಸಿದಳು.

"ಯಾರ ಹತ್ತಿರ ಹೋಗ್ತಿದ್ದೆ? ಯಾವನೇ ಅವನು? ಹೇಳು, ಅವನ ಹೆಸರು ಹೇಳಿ ಸಾಯಿ!"

ಹೆಸರೆಲ್ಲಿಂದ ತರಬೇಕು? ಅವಳು ತುಟಿ ಕಚ್ಚಿಕೊಂಡು ಚಪ್ಪಲಿ ಕಳಚಿ ಅಡುಗೆಮನೆಯ ಕಡೆ ತೆವಳಿದಳು. ಶಾಬಾನ್ ನಿಂತು ಕಿವಿಗೊಟ್ಟ. ಆಮೇಲೆ ಹುಲ್ಲು ಕೊಯ್ಯುವವನ ಹಾಗೆ ನೆಲದಿಂದ ಮೊಣಕಾಲೆತ್ತರಕ್ಕೆ ಹುಟ್ಟು ಬೀಸುತ್ತ ಹೆಜ್ಜೆ ಹೆಜ್ಜೆಗೂ ಮುಂದೆ ಬಂದ. ಚಹಾ ಲೋಟಗಳ ತಟ್ಟೆ ಹಾರಿತು. ನೀರಿನ ಹೂಜಿ ಒಡೆಯಿತು. ಗಾಜಿನ ಚೂರು ಅವನ ಬರಿಗಾಲಿಗೆ ಚುಚ್ಚಿ, ಇಟ್ಟಲ್ಲೆಲ್ಲ ರಕ್ತದ ಹೆಜ್ಜೆ ಮೂಡಿದರೂ ಅವನಿಗೆ ಪರಿವೆಯಿಲ್ಲ. ಅಡುಗೆಮನೆಗೆ ಇದ್ದದ್ದು ಒಂದೇ ಬಾಗಿಲು, ಆ ಬಾಗಿಲಲ್ಲಿ ಅವನು.

ಅವಳ ಕೈಗೆ ಹಿತ್ತಾಳೆಯ ಕುಟ್ಟುಗೋಲು ಸಿಕ್ಕಿತು. ಕೊತ್ತಂಬರಿ ಬೀಜದ ವಾಸನೆ ಇನ್ನೂ ಅದಕ್ಕೆ ಅಂಟಿಕೊಂಡಿತ್ತು. ಹುಟ್ಟು ಮುಖದ ಮುಂದೆ ಗಾಳಿ ಸೀಳಿ ಗೋಡೆಗೆ ಬಡಿದು ಒಂದು ಗಳಿಗೆ ನಿಂತಾಗ, ಅದನ್ನು ಹಿಡಿದಿದ್ದ ಕೈ ಅವಳ ಕಣ್ಣೆದುರಿಗೇ ಇತ್ತು. ಮಣಿಕಟ್ಟು, ಉಬ್ಬಿದ ನರ, ಚಿಕ್ಕವಳಿದ್ದಾಗ ಈಜು ಕಲಿಸಲು ಹೊಟ್ಟೆಯಡಿ ಹಿಡಿದಿದ್ದ ಅದೇ ಕೈ. ಅವಳು ಹೊಡೆದಳು. ಹುಟ್ಟು ಕೆಳಗೆ ಬಿತ್ತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕೈ ಮತ್ತೆ ಹುಟ್ಟನ್ನು ಹುಡುಕುತ್ತ ನೆಲದ ಮೇಲೆ ಹರಿದಾಡುವುದನ್ನು ಕಂಡು ಇನ್ನೊಮ್ಮೆ ಹೊಡೆದಳು, ಬೆರಳುಗಳ ಮೇಲೆ, ಮತ್ತೂ ಒಮ್ಮೆ.

ಶಾಬಾನ್ ಗೋಡೆಗೆ ಒರಗಿ ಜಾರಿ ಕೂತು, ಮೊಂಡು ತೋಳಿನಿಂದ ಮುರಿದ ಕೈಯನ್ನು ಎದೆಗೆ ಅವುಚಿಕೊಂಡು ಹೇಳಿದ: "ನನಗೆ ಇದ್ದದ್ದೇ ಇದೊಂದು."

"ಗೊತ್ತು," ಎಂದಳು ಮಬ್ರೂಕಾ.

ಹೊರಗೆ ಬಾಗಿಲಿಗೆ ಏನೋ ಭಾರವಾದದ್ದು ಬಡಿಯತೊಡಗಿತು. ಕಿರುಚಿದ್ದು ಅಂಗಳಕ್ಕೆ ಕೇಳಿಸಿತ್ತು. ಹವ್ವಾ ಮತ್ತು ಹೆಂಗಸರು ರವೆ ಮೆತ್ತಿದ ಕೈಯಲ್ಲೇ ಓಡಿಬಂದು, ಬೀದಿಯಲ್ಲಿದ್ದ ಗ್ಯಾಸ್ ಸಿಲಿಂಡರಿನಿಂದ ಬಾಗಿಲಿಗೆ ಗುದ್ದುತ್ತಿದ್ದರು. ಅಗುಳಿ ಕಿತ್ತು ಬಂತು. ಹವ್ವಾ ಒಳಗೆ ನೋಡಿದಳು, ಅಣ್ಣನನ್ನೂ ತಂಗಿಯನ್ನೂ ಸರದಿಯಂತೆ ನೋಡಿ, "ಮೊದಲು ಯಾರನ್ನ ಎತ್ತಬೇಕೇ?" ಎಂದಳು.

ಎರಡು ದಿನ ಬಿಟ್ಟು ಪಕ್ಕದ ಪಟ್ಟಣ ಝ್ಲೀತನ್‌ನಿಂದ ಸೋದರಮಾವ ಪಂಚಾಯಿತಿಗೆ ಬಂದರು. ಕೋಟು ಕೊಡವಿ ಕೂತು, "ಅಣ್ಣನ ಮೇಲೆ ಕೈಯೆತ್ತಿದೆಯಾ? ಅದೂ ಕುರುಡನ ಮೇಲೆ?" ಎಂದರು. ಮಬ್ರೂಕಾ ಎದ್ದು ನಿಂತು, ಬೆನ್ನು ತಿರುಗಿಸಿ ಅಂಗಿಯನ್ನು ಭುಜದಿಂದ ಜಾರಿಸಿದಳು. ಮಾವ ತಕ್ಷಣ ಕಣ್ಣು ಬೇರೆ ಕಡೆ ಮಾಡಿದರು, ಆದರೆ ನೋಡಿಯಾಗಿತ್ತು. ಜಪಮಣಿ ಎಣಿಸುತ್ತ, "ಚಹಾ ಇದೆಯಾ?" ಎಂದರಷ್ಟೆ. ಅವಳು ಹವ್ವಾಳ ಮನೆಯಲ್ಲಿ ಇರುವುದು, ಮನೆ ಅಣ್ಣನಿಗೆ, ಅನ್ನಕ್ಕೆ ಯಾರಾದರೂ ವ್ಯವಸ್ಥೆ ಮಾಡುವುದು ಅಂತ ತೀರ್ಮಾನವಾಯಿತು. ಆ ಯಾರಾದರೂ ಯಾರು ಅಂತ ಯಾರೂ ಹೇಳಲಿಲ್ಲ.

ಹೀಗಾಗಿ ಮಧ್ಯಾಹ್ನದ ಬಾಂಗು ಮುಗಿದ ಮೇಲೆ ಮಬ್ರೂಕಾಳೇ ಎಡಗೈಗೆ ಪ್ಲಾಸ್ಟರ್ ಕಟ್ಟಿಕೊಂಡು ಅನ್ನ ತರುತ್ತಿದ್ದಳು. ಅವನ ಕೈಗೂ ಮೊಣಕೈತನಕ ಪ್ಲಾಸ್ಟರ್. ಫೋನು ದಿಂಬಿನ ಬದಿಯಲ್ಲಿ ಸರಿಯಾದ ಹೊತ್ತು ಹೊಡೆಯುತ್ತಿತ್ತು. ಅದನ್ನು ಅವಳು ಮತ್ತೆ ಮುಟ್ಟಲಿಲ್ಲ. ಅವಳು ಚಮಚ ಎತ್ತುತ್ತಿದ್ದಳು, ಅವನು ಅಗಿಯುತ್ತಿದ್ದ.

"ಕೈ ಸರಿಹೋದ ದಿನ ನಿನ್ನ ಕೊಲ್ತೀನಿ. ಅಲ್ಲಾನಾಣೆ."

"ಬಾಯಿ ತೆಗಿ."

"ಕತ್ತು ಮುರೀತೀನಿ."

"ಬಿಸಿ ಇದೆ, ಊದಿಕೊಂಡು ನುಂಗು."

ಅವಳಿಗೆ ಕರುಣೆಯೂ ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಅವನ ಗಡ್ಡದಲ್ಲಿ ಸಿಕ್ಕಿಕೊಂಡ ಕಾಳನ್ನು ಒರೆಸಿ ಮುಂದಿನ ಚಮಚ ತುಂಬುತ್ತಿದ್ದಳು.

ಶಾಬಾನ್ ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ದಿನ ಅವನ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಅವಳು ಬ್ರೆಡ್ಡಿನ ತುಂಡೊಂದನ್ನು ಅವನ ಅಂಗೈಯಲ್ಲಿಟ್ಟು ಕಾದಳು. ಎರಡು ಸಲ ಜಾರಿ ಬಿತ್ತು. ಮೂರನೆಯ ಸಲ ಹೆಬ್ಬೆರಳೂ ತೋರುಬೆರಳೂ ಸೇರಿದವು. ನಡುಗುತ್ತ ನಡುಗುತ್ತ ತುಂಡು ಬಾಯಿಯ ತನಕ ಹೋಯಿತು.

"ಸಾಕು," ಎಂದಳು ಮಬ್ರೂಕಾ. ತಟ್ಟೆಯನ್ನು ಅವನ ಮೊಣಕಾಲಿಗೆ ತಾಗುವ ಹಾಗೆ ಸರಿಸಿಟ್ಟು ಎದ್ದಳು. "ನಾಳೆಯಿಂದ ಊಟ ಹೊಸ್ತಿಲ ಮೇಲಿರುತ್ತೆ. ಒಳಗೆ ಬರಲ್ಲ."

"ಏಯ್, ಎಲ್ಲಿಗೆ? ಮಬ್ರೂಕಾ! ಇನ್ನೂ ಮುಗಿದಿಲ್ಲ ಕಣೇ, ನಾನು ಉಂಡಿಲ್ಲ!"

ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದಳು. ಗಾಳಿಗೆ ಸಮುದ್ರದ ಉಪ್ಪು ಬೆರೆತಿತ್ತು. ಹವ್ವಾಳ ಅಂಗಳದಲ್ಲಿ ನಾಳಿನ ಮದುವೆಗೆಂದು ದೊಡ್ಡ ಹಂಡೆ ಆಗಲೇ ಒಲೆ ಏರಿತ್ತು, ಯಾರೋ ಅವಳ ಹೆಸರು ಹಿಡಿದು ಬೈಯುತ್ತಿದ್ದರು, ಇಷ್ಟು ಹೊತ್ತು ಎಲ್ಲಿ ಹಾಳಾಗಿಹೋದಳೋ, ಕೈಗಳು ಸಾಲುತ್ತಿಲ್ಲ ಅಂತ.